‘ಮಾಲ್‌ಫಾರ್ಮ್ಡ್ ಹೆಡರ್’: ‘ಅಮಾನ್ಯ’ ಎಂದರೆ ಸಾಕೇ?

ಬಳಗದವರಿಗೆ ನಮಸ್ಕಾರ.

ವೆಬ್ ಸರ್ವರ್ ನೋಡಿಕೊಳ್ಳುವವರಿಗೆಂದು ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಮಾಲ್‌ಫಾರ್ಮ್ಡ್’ (ರಚನೆಯಲ್ಲೇ ತಪ್ಪಿದ) ಎಂಬ ಇಂಗ್ಲಿಷ್ ಪದಕ್ಕೆ ಕನ್ನಡ ಹುಡುಕುತ್ತ ನಾಲ್ಕು ದಿನವಾಯಿತು, ಬರವಣಿಗೆ ಮುಂದೆ ಸಾಗಿಲ್ಲ.

ಸಂದರ್ಭ ಹೀಗಿದೆ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿ ಎಚ್‌ಟಿಟಿಪಿ. ಅದರಲ್ಲಿ ಹೆಡರ್ ಎಂದರೆ ಒಂದು ಸಾಲು: ಹೆಸರು, ಕೋಲನ್, ಮೌಲ್ಯ. ಪೈಥಾನ್ ಭಾಷೆಯ ‘ಎನ್‌ಕೋಡ್‌ಬೈಟ್ಸ್’ ಎಂಬ ಸಿದ್ಧ ಸೌಲಭ್ಯ ಬಳಸಿ ಪಾಸ್‌ವರ್ಡನ್ನು ಬೇಸ್64ಕ್ಕೆ (ದತ್ತಾಂಶವನ್ನು ಸರಳ ಅಕ್ಷರಗಳಲ್ಲಿ ಬರೆಯುವ ಬಗೆ) ತಿರುಗಿಸಿದರೆ, ಅದು 76 ಅಕ್ಷರಕ್ಕೊಮ್ಮೆ ಮತ್ತು ಕಟ್ಟಕಡೆಗೆ ಹೊಸಸಾಲಿನ ಚಿಹ್ನೆಯೊಂದನ್ನು ಸೇರಿಸುತ್ತದೆ. ಇಮೇಲ್‌ಗೆ ಅದು ಸರಿ. ಹಾಗೆಯೇ ತಂದು, ಪಾಸ್‌ವರ್ಡ್ ಒಯ್ಯುವ ‘ಆಥರೈಸೇಶನ್’ ಹೆಡರ್‌ಗೆ ಹಾಕಿದರೆ ಸಾಲು ಒಡೆಯುತ್ತದೆ. ಕೆಲವು ಲೈಬ್ರರಿಗಳು (ಸಿದ್ಧ ಕೋಡ್‌ನ ಕಂತೆಗಳು) ಇದನ್ನು ಅಲ್ಲಿಯೇ ತಡೆಯುತ್ತವೆ. ತಡೆಯದಿದ್ದರೆ ಸರ್ವರ್ 400, ಅಂದರೆ ‘ಕೋರಿಕೆಯೇ ಸರಿಯಿಲ್ಲ’ ಎಂಬ ಸಂಕೇತವನ್ನು ಹಿಂದಿರುಗಿಸಬಹುದು. ಪಾಸ್‌ವರ್ಡ್ ತಪ್ಪಿದ್ದರೆ ಬರುವ ಉತ್ತರ 401, ಅಂದರೆ ‘ಗುರುತು ಒಪ್ಪಿತವಲ್ಲ’. ನನ್ನ ಕಿವಿಗೆ ‘ಅಮಾನ್ಯ’ ಒಪ್ಪುವುದು ಆ 401ಕ್ಕೆ. ಸಾಲು ಒಡೆದ ಹೆಡರ್‌ನಲ್ಲಾದರೋ ಹೇಳಿದ್ದು ಸರಿಯಾಗಿಯೇ ಇದೆ, ಹೇಳಿದ ಬಗೆ ತಪ್ಪಿದೆ.

ಇದಕ್ಕೆ ತಿರುಗುಮುರುಗಾದದ್ದೂ ಒಂದಿದೆ. ಯಾವ ಪುಟದಿಂದ ಬಂದಿರಿ ಎಂದು ತಿಳಿಸುವ ‘ರೆಫರರ್’ ಹೆಡರ್‌ನ ಇಂಗ್ಲಿಷ್ ಹೆಸರಿನಲ್ಲಿ 1996ರ ಎಚ್‌ಟಿಟಿಪಿ ದಾಖಲೆಯಿಂದಲೂ ಒಂದು ‘ಆರ್’ ಬಿಟ್ಟುಹೋಗಿದೆ. ಕಾಗುಣಿತ ತಪ್ಪು, ಆದರೂ ಸಾಲು ಸುಸೂತ್ರ. ಅದೇ ಹೆಸರಿಗೂ ಕೋಲನ್‌ಗೂ ನಡುವೆ ಒಂದೇ ಒಂದು ಖಾಲಿ ಜಾಗ ನುಸುಳಿದರೆ, ಅಂಥ ಕೋರಿಕೆಯನ್ನು ಸರ್ವರ್ ತಿರಸ್ಕರಿಸಲೇಬೇಕು ಎಂದು 2022ರ ಎಚ್‌ಟಿಟಿಪಿ ಮಾನಕ ಹೇಳುತ್ತದೆ.

‘ವಿರೂಪ’ ಎಂದರೆ ಕುರೂಪದ ನೆರಳು ಬೀಳುತ್ತದೆ. ಸಂಸ್ಕೃತದ ‘ಅಪರೂಪ’ಕ್ಕೆ ಬೇಕಾದ ಅರ್ಥವೇ ಇತ್ತು, ಕನ್ನಡದಲ್ಲಿ ಅದು ‘ವಿರಳ’ವಾಗಿ ಕೈತಪ್ಪಿತು. ‘ರೂಪಗೆಟ್ಟ’ ಚೆನ್ನಾಗಿದೆ, ಆದರೆ ಹದಗೆಟ್ಟ, ದಾರಿಗೆಟ್ಟ ಎನ್ನುವಾಗ ಮೊದಲು ನೆಟ್ಟಗಿದ್ದು ಆಮೇಲೆ ಕೆಟ್ಟಿತು ಎಂಬ ಭಾವ ಬರುತ್ತದೆ. ಈ ಹೆಡರ್ ದಾರಿಯಲ್ಲಿ ಕೆಟ್ಟದ್ದಲ್ಲ, ಕಟ್ಟುವಾಗಲೇ ತಪ್ಪಿದ್ದು. ಛಂದೋಭಂಗವಾದ ಪದ್ಯದಂತೆ: ಅರ್ಥ ಕೂಡುತ್ತದೆ, ಮಾತ್ರೆ ಕೂಡುವುದಿಲ್ಲ.

ಹಾಗಾಗಿ ‘ಕಟ್ಟುತಪ್ಪಿದ ಹೆಡರ್’ ಎಂದು ಬರೆದುಕೊಂಡಿದ್ದೇನೆ. ತಾಳ ತಪ್ಪಿದ ಹಾಡು ಎನ್ನುವುದಿಲ್ಲವೇ, ಆ ಜಾಡಿನಲ್ಲಿ. ‘ಕಟ್ಟು’ ಎಂಬುದರಲ್ಲಿ ರಚನೆಯೂ ಇದೆ, ಕಟ್ಟುಪಾಡೂ ಇದೆ. ಅಳುಕು ಒಂದೇ: ವಾಕ್ಯದಲ್ಲಿ ‘ಕಟ್ಟುತಪ್ಪಿದವುಗಳನ್ನು’ ಎಂದು ಬಂದಾಗ ಓದುಗರು ಎಡವುತ್ತಾರೆಯೇ? ನೇಯ್ಗೆ, ಮರಗೆಲಸ, ಅಚ್ಚಿನ ಮನೆ ಬಲ್ಲವರಿಗೆ, ಹುಟ್ಟುವಾಗಲೇ ಆಕಾರ ತಪ್ಪಿದ ವಸ್ತುವಿಗೆ ಇದಕ್ಕಿಂತ ಚಿಕ್ಕ ಮಾತು ಗೊತ್ತಿದ್ದರೆ ದಯವಿಟ್ಟು ತಿಳಿಸಿ.