ಪೂಲ್ ಕ್ಯೂಗೆ ಯಾವ ಚಾಕ್ ತಗೊಳ್ಳೋದು? ಗೊತ್ತಿರೋರು ಹೇಳಿ

ಕೇಳಿದವರು, ತುಮಕೂರು ಎಸ್.ಎಸ್. ಪುರಂ:

ಎಲ್ಲರಿಗೂ ನಮಸ್ಕಾರ. 8 ಅಡಿ ಪೂಲ್ ಟೇಬಲ್, ನೀಲಿ ಬಟ್ಟೆ, ಕ್ಯೂ ಅಂದರೆ ಹೊಡೆಯೋ ಕೋಲು, ಅದರ ತುದಿಯ ಚರ್ಮದ ಟಿಪ್ 13 ಮಿ.ಮೀ. ಟಿಪ್ಪಿಗೆ ಹಚ್ಚೋಕೆ ಕ್ಲಬ್ಬಲ್ಲಿ ಇಟ್ಟಿರೋ ಚಾಕ್ ಎಲ್ಲ ನಡುವೆ ಗುಳಿ ಬಿದ್ದು ಬಟ್ಟಲಿನ ಹಾಗೆ ಆಗಿವೆ. ನೇರ ಹೊಡೆದರೆ ತೊಂದರೆ ಇಲ್ಲ. ಸ್ಕ್ರೂ ಹಾಕಿದಾಗ (ಬಾಲ್ ಹಿಂದೆ ಬರಲಿ ಅಂತ ನಡುವಿಂದ ಕೆಳಗೆ ಹೊಡೆದಾಗ), ಸೈಡ್ ಕೊಟ್ಟಾಗ (ಎಡಕ್ಕೋ ಬಲಕ್ಕೋ ಹೊಡೆದಾಗ) ಮಾತ್ರ ಟಿಪ್ ಜಾರಿ ಮಿಸ್ ಆಗುತ್ತೆ. ಸ್ವಂತಕ್ಕೆ ಒಂದು ಚಾಕ್ ಇಟ್ಕೊಳ್ಳೋಣ ಅಂತ. ಮಾಸ್ಟರ್ ಬ್ರಾಂಡ್ ಸಾಕಾ, ಇಲ್ಲ ಟಾವೊಮ್, ಕಮುಯಿ ಅಂತಾರಲ್ಲ ಅವುಗಳಿಗೆ ದುಡ್ಡು ಹಾಕಬೇಕಾ? ಬೆರಳು, ಪ್ಯಾಂಟು ನೀಲಿ ಆಗೋದು ತಪ್ಪಿದರೆ ಇನ್ನೂ ಒಳ್ಳೇದು.

ಗುಬ್ಬಿ ಗೇಟ್ ಕಡೆಯಿಂದ:

ಮಾಸ್ಟರ್ ನೀಲಿ ತಗೊಳ್ಳಿ, ಸಾಕು. ಅದೇ ಕಂಪನಿಯ ಟ್ರಯಾಂಗಲ್ ಕೂಡ ನಡೆಯುತ್ತೆ, ಸ್ನೂಕರ್ ಆಡೋರು ಹೆಚ್ಚಾಗಿ ಅದನ್ನೇ ಇಟ್ಟಿರ್ತಾರೆ. ಎರಡೂ ಷಿಕಾಗೋದ ಟ್ವೀಟನ್ ಕಂಪನಿಯ ಹೆಸರಿನವು. 12 ತುಂಡಿನ ಒಂದು ಪೆಟ್ಟಿಗೆ ತಗೊಂಡು ಇಬ್ಬರು ಮೂವರು ಹಂಚಿಕೊಂಡರೆ ಬಹಳ ದಿನ ಬರುತ್ತೆ.

ಹೆಸರಿಲ್ಲದ ಅಗ್ಗದ ಚಾಕ್ ಮಾತ್ರ ಬೇಡ. ಕ್ಯೂ ಚಾಕ್ ಅಂದರೆ ಸುಣ್ಣ ಅಲ್ಲ ಅನ್ನೋದನ್ನ ಮೊದಲು ತಿಳ್ಕೋಬೇಕು. ವಿಲಿಯಂ ಸ್ಪಿಂಕ್ಸ್ ಅನ್ನೋ ಕ್ಯಾರಂ ಬಿಲಿಯರ್ಡ್ಸ್ (ಗುಂಡಿ ಇಲ್ಲದ ಟೇಬಲ್ಲಿನ ಬಿಲಿಯರ್ಡ್ಸ್) ಆಟಗಾರ, ವಿಲಿಯಂ ಹಾಸ್ಕಿನ್ಸ್ ಅನ್ನೋ ರಸಾಯನ ತಜ್ಞ ಸೇರಿ 1897ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡರು. ಸಿಲಿಕಾ, ಕುರಂದದ ಗಟ್ಟಿ ಸಣ್ಣ ಕಣಗಳನ್ನ ಅಂಟು, ಬಣ್ಣದ ಜೊತೆ ಕಲಸಿ ಕಟ್ಟಿದ್ದು. ಚರ್ಮದ ಟಿಪ್‌ಗೂ ನುಣುಪಾದ ಬಾಲ್‌ಗೂ ನಡುವೆ ಹಿಡಿತ ಕೊಡೋದು ಆ ಕಣಗಳೇ. ಸ್ಕೂಲಿನ ಸೀಮೆಸುಣ್ಣ ಜಿಪ್ಸಮ್‌ದು, ಮೆತ್ತಗೆ. ಟಿಪ್ ಬೆಳ್ಳಗೆ ಕಾಣಿಸುತ್ತೆ, ಹಿಡಿತ ಇರಲ್ಲ. ಚಾಕ್ ಮುಗಿದಾಗ ಅದನ್ನ ಉಜ್ಜೋರು ಇದ್ದಾರೆ, ದಯವಿಟ್ಟು ಬೇಡ.

ಅಂಗಡೀಲೇ ಪರೀಕ್ಷೆ ಮಾಡಬಹುದು. ಹೆಬ್ಬೆರಳಿಂದ ಚಾಕ್ ಮೇಲೆ ಒಂದು ಸಲ ಸವರಿ, ಆಮೇಲೆ ತೋರುಬೆರಳಿಗೆ ತಿಕ್ಕಿ. ನುಣ್ಣಗೆ ಬೀಸಿದ ರಾಗಿ ಹಿಟ್ಟಿನ ಹಾಗಿದ್ದು, ಬೆರಳಗೆರೆಯೊಳಗೆ ಕೂತ್ಕೊಂಡರೆ ಒಳ್ಳೇದು. ಮರಳಿನ ಹಾಗೆ ಕರಕರ ಅಂದರೆ ಟಿಪ್ಪಲ್ಲಿ ನಿಲ್ಲಲ್ಲ, ಮೊದಲ ಹೊಡೆತಕ್ಕೇ ಬಟ್ಟೆ ಮೇಲೆ ಉದುರುತ್ತೆ. ಮೇಣದ ಹಾಗೆ ಜಾರಿ ಬಣ್ಣವೇ ಹತ್ತದಿದ್ದರೆ ಅದೂ ಪ್ರಯೋಜನ ಇಲ್ಲ.

ಕ್ಯಾತಸಂದ್ರದಿಂದ:

ಗುಬ್ಬಿ ಗೇಟ್ ಅಣ್ಣ ಹೇಳಿದ್ದು ಸರಿ. ಆದರೆ ಚಾಕ್‌ಗಿಂತ ಮೊದಲು ಟಿಪ್ ನೋಡಬೇಕು. ನೇರ ಹೊಡೆದರೆ ಸರಿ, ಸೈಡ್‌ಗೆ ಮಾತ್ರ ಜಾರುತ್ತೆ ಅಂದಿದ್ದಾರಲ್ಲ, ಅಂಥ ಕಡೆ ಹೆಚ್ಚಾಗಿ ತಪ್ಪಿರೋದು ಟಿಪ್ಪಿನ ಅಂಚಲ್ಲಿ.

ಲೆಕ್ಕ ಹಾಕಿ ನೋಡಿ. ಪೂಲ್ ಬಾಲ್ ವ್ಯಾಸ 57.15 ಮಿ.ಮೀ. ಎಷ್ಟೇ ಒಳ್ಳೆ ಚಾಕ್ ಇದ್ದರೂ ಬಾಲ್ ನಡುವಿಂದ ತ್ರಿಜ್ಯದ ಅರ್ಧ, ಅಂದರೆ ಸುಮಾರು 14 ಮಿ.ಮೀ. ದಾಟಿ ಹೊಡೆದರೆ ಟಿಪ್ ಜಾರುತ್ತೆ. ಟಿಪ್ಪಿನ ಗುಮ್ಮಟ ಒಂದು ರೂಪಾಯಿ ನಾಣ್ಯದ ಬಾಗಿನಷ್ಟಿದ್ದರೆ, ಆ 14 ಮಿ.ಮೀ. ಜಾಗದಲ್ಲಿ ಬಾಲ್‌ಗೆ ತಾಗೋದು ಟಿಪ್ಪಿನ ನಡುಭಾಗ ಅಲ್ಲ, ನಡುವಿಂದ 5 ಮಿ.ಮೀ.ಗೂ ಸ್ವಲ್ಪ ಆಚೆ ಇರೋ ಜಾಗ. 13 ಮಿ.ಮೀ. ಟಿಪ್‌ಗೆ ನಡುವಿಂದ ಅಂಚಿಗೆ ಇರೋದೇ ಆರೂವರೆ. ಅಂದರೆ ಜೋರು ಸೈಡ್ ಕೊಟ್ಟಾಗ ಕೆಲಸ ಮಾಡೋದು ಅಂಚಿಂದ ಒಂದು ಮಿ.ಮೀ. ಒಳಗಿನ ಜಾಗ. ಅಲ್ಲಿ ಚಾಕ್ ಇಲ್ಲ ಅಂದರೆ ನಡುವೆ ಎಷ್ಟು ಮೆತ್ತಿದ್ದರೂ ಅದು ಬಾಲ್‌ಗೆ ತಾಗೋದೇ ಇಲ್ಲ.

ಈಗ ಆ ಬಟ್ಟಲಾದ ಚಾಕ್ ಕಡೆ ಬನ್ನಿ. ಗುಳಿಯೊಳಗೆ ಟಿಪ್ ಇಟ್ಟು ಬೋರ್‌ವೆಲ್ ಕೊರೆಯೋ ಹಾಗೆ ತಿರುಗಿಸಿ ತಿರುಗಿಸಿ ಆಗಿರೋ ಗುಳಿ ಅದು. ಹಾಗೆ ಮಾಡಿದರೆ ಟಿಪ್ಪಿನ ನಡುವೆ ಗಟ್ಟಿಯಾಗಿ ಮೆತ್ತಿಕೊಳ್ಳುತ್ತೆ, ಗುಳಿಯ ಬಾಯಿ ಟಿಪ್ಪಿನ ಕೆಳಗಿನ ಪಟ್ಟಿ, ಅಂದರೆ ಫೆರೂಲ್‌ಗೆ ತಾಗಿ ಅಲ್ಲೊಂದು ನೀಲಿ ಬಳೆ ಕೂರುತ್ತೆ, ಬೇಕಾದ ಅಂಚು ಮಾತ್ರ ಬರಿದಾಗಿ ಉಳಿಯುತ್ತೆ. ಚಾಕ್ ಹಚ್ಚೋದು ಹಣೆಗೆ ವಿಭೂತಿ ಎಳೆದ ಹಾಗಿರಬೇಕು. ಚಾಕನ್ನ ಸ್ವಲ್ಪ ಓರೆ ಹಿಡಿದು, ಅದರ ಅಂಚಿಂದ ಟಿಪ್ ಮೇಲೆ ಹಗುರವಾಗಿ ಎಳೆಯಿರಿ. ಒಂದೊಂದು ಎಳೆತಕ್ಕೂ ಇನ್ನೊಂದು ಕೈಯಲ್ಲಿ ಕ್ಯೂ ಸ್ವಲ್ಪ ತಿರುಗಿಸಿ. ಐದಾರು ಎಳೆತಕ್ಕೆ ಒಂದು ಸುತ್ತು ಮುಗಿಯುತ್ತೆ. ಆಮೇಲೆ ಟಿಪ್ಪನ್ನ ಬೆಳಕಿಗೆ ಹಿಡಿದು ನೋಡಿ, ಹೊಳೆಯೋ ಚುಕ್ಕೆ ಎಲ್ಲೂ ಕಾಣಬಾರದು. ಹೊಳೆದ ಕಡೆ ಚರ್ಮ ಬರಿದಾಗಿದೆ ಅಂತ ಅರ್ಥ.

ಎಷ್ಟು ಎಳೆದರೂ ಹೊಳಪು ಹೋಗದಿದ್ದರೆ ಟಿಪ್ ಹೊಡೆತ ತಿಂದು ತಿಂದು ಗಟ್ಟಿಯಾಗಿದೆ. 120 ಅಥವಾ 150 ನಂಬರಿನ ಉಪ್ಪುಕಾಗದ ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ. ಅಂಚಿಂದ ನಡುವಿಗೆ ಮೂರು ನಾಲ್ಕು ಸಲ ಹಗುರವಾಗಿ ಎಳೆಯಿರಿ. ಚರ್ಮ ಮಾಸಲಾಗಿ, ಸ್ವಲ್ಪ ನವಿರೆದ್ದ ಹಾಗೆ ಕಂಡರೆ ನಿಲ್ಲಿಸಿ. ವಾರವಾರ ತಿಕ್ಕಿದರೆ ಟಿಪ್ ಬೇಗ ಸವೆದುಹೋಗುತ್ತೆ. ಆಕಾರ ನೋಡೋಕೆ ಒಂದು ರೂಪಾಯಿ ನಾಣ್ಯವನ್ನ ಟಿಪ್ಪಿನ ಪಕ್ಕದಲ್ಲಿ ನಿಲ್ಲಿಸಿ ಬಾಗು ಹೋಲಿಸಿ. ಹಳೇದು 22 ಮಿ.ಮೀ., ಹೊಸದು 20, ಎರಡೂ ನಡೆಯುತ್ತೆ. ಟಿಪ್ ಅದಕ್ಕಿಂತ ಚಪ್ಪಟೆ ಇದ್ದರೆ ಸೈಡ್ ಕೊಟ್ಟಾಗ ಮೂಲೆಯೇ ತಾಗುತ್ತೆ, ಅದನ್ನ ಯಾವ ಚಾಕೂ ಉಳಿಸಲ್ಲ.

ಬಿ.ಎಚ್. ರಸ್ತೆಯಿಂದ:

ಟಾವೊಮ್ ಪರವಾಗಿ ಒಂದು ಮಾತು. ಅದು ಫಿನ್ಲೆಂಡಿನದು, ದುಂಡಗಿನ ಬಿಲ್ಲೆ. ಒಂದೇ ಬಿಲ್ಲೆಯ ಬೆಲೆ ಮಾಸ್ಟರ್‌ನ ಇಡೀ ಪೆಟ್ಟಿಗೆಗಿಂತ ಹೆಚ್ಚು, ನಿಜ. ಆದರೆ ಬೆರಳು ನೀಲಿ ಆಗಬಾರದು ಅಂದರಲ್ಲ, ಅದಕ್ಕೆ ಇದೇ ಸರಿ. ಗಟ್ಟಿಯಾಗಿ ಕಟ್ಟಿರೋದರಿಂದ ಪುಡಿ ಕಡಿಮೆ ಉದುರುತ್ತೆ, ಬಾಲ್ ಮೇಲೆ ಗುರುತು ಕಡಿಮೆ ಬೀಳುತ್ತೆ.

ಗುರುತು ಕಡಿಮೆ ಆಗೋದು ಬರೀ ಅಂದಕ್ಕಲ್ಲ. ಬಿಳಿ ಬಾಲ್ ಮೇಲಿನ ಚಾಕ್ ಚುಕ್ಕೆ, ಅದು ಇನ್ನೊಂದು ಬಾಲ್‌ಗೆ ತಾಗೋ ಜಾಗಕ್ಕೇ ಬಂತು ಅಂದ್ಕೊಳ್ಳಿ. ಆ ಕ್ಷಣಕ್ಕೆ ಎರಡು ಬಾಲ್ ನಡುವೆ ಉಜ್ಜು ಜಾಸ್ತಿಯಾಗಿ ಒಂದಕ್ಕೊಂದು ಕಚ್ಚಿಕೊಂಡ ಹಾಗಾಗುತ್ತೆ. ಸದ್ದು ದಪ್ಪಗೆ ಕೇಳುತ್ತೆ, ಬಾಲ್ ಸ್ವಲ್ಪ ಮೇಲೆ ಎಗರುತ್ತೆ, ಪಾಟ್ (ಬಾಲ್ ಗುಂಡಿಗೆ ಬೀಳೋದು) ತಪ್ಪುತ್ತೆ. ಸ್ನೂಕರ್‌ನೋರು ಇದನ್ನ ಕಿಕ್ ಅಂತಾರೆ. ಸ್ನೂಕರ್ ಆಟಗಾರರು ಟಾವೊಮ್ ಕಡೆ ತಿರುಗಿದ್ದೇ ಈ ಕಾರಣಕ್ಕೆ.

ತಗೊಂಡರೆ ಒಂದು ಎಚ್ಚರ. ಹಳೇ ಚಾಕ್ ಮೇಲೆ ಇದನ್ನ ಹಚ್ಚಬೇಡಿ. ಟಿಪ್ಪನ್ನ ಮೊದಲು ಒಣ ಬಟ್ಟೆಯಲ್ಲಿ ಒರೆಸಿ, ಉಪ್ಪುಕಾಗದ ಒಂದೆರಡು ಸಲ ಎಳೆದು ಹಳೇದೆಲ್ಲ ತೆಗೆದು, ಆಮೇಲೆ ಶುರು ಮಾಡಿ. ಟಿಪ್ ಮೇಲೆ ಗಾಢ ನೀಲಿ ಕಾಣಿಸಲ್ಲ, ಹತ್ತಿಲ್ಲ ಅಂತ ಒತ್ತಿ ಒತ್ತಿ ತಿಕ್ಕಬೇಡಿ. ತೆಳು ಪದರವೇ ಅದರ ಲೆಕ್ಕ. ಕ್ಲಬ್ಬಿನ ಚಾಕನ್ನ ನಡುನಡುವೆ ಮುಟ್ಟಿದರೆ ಕೊಟ್ಟ ದುಡ್ಡು ದಂಡ.

ಕಮುಯಿ ಜಪಾನಿನದು. ಹಿಡಿತ ಚೆನ್ನಾಗಿದೆ, ಆದರೆ ಅಂಟುಅಂಟು. ಬಾಲ್ ಮೇಲೆ ದೊಡ್ಡ ಗುರುತು ಬಿಡುತ್ತೆ. ನಿಮ್ಮ ಬೇಡಿಕೆಗೆ ಅದು ಹೊಂದಲ್ಲ.

ಕ್ಯಾತಸಂದ್ರದಿಂದ:

ಬಿ.ಎಚ್. ರಸ್ತೆಯವರ ಮಾತು ಒಪ್ಪುತ್ತೀನಿ, ಒಂದು ಸೇರಿಸ್ತೀನಿ. ದುಬಾರಿ ಚಾಕ್ ಹಾಕಿದರೆ ಸ್ಪಿನ್ ಜಾಸ್ತಿ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಟಿಪ್ ಜಾರದೆ ಹಿಡಿದರೆ, ಸ್ಪಿನ್ ಎಷ್ಟು ಅನ್ನೋದು ನಡುವಿಂದ ಎಷ್ಟು ಆಚೆ ಹೊಡೆದಿರಿ, ಎಷ್ಟು ವೇಗವಾಗಿ ಹೊಡೆದಿರಿ ಅನ್ನೋದರ ಮೇಲೆ. ಮಾಸ್ಟರ್ ಹಿಡಿದರೂ ಅಷ್ಟೇ, ಟಾವೊಮ್ ಹಿಡಿದರೂ ಅಷ್ಟೇ. ಹೆಚ್ಚಿನ ದುಡ್ಡು ಹೋಗೋದು ಸ್ವಚ್ಛತೆಗೆ, ಮತ್ತೆ ಪ್ರತಿ ಹೊಡೆತಕ್ಕೂ ಹಚ್ಚೋ ಕೆಲಸ ಕಡಿಮೆ ಆಗೋದಕ್ಕೆ.

ಕೇಳಿದವರು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಒಂದು ಅನುಮಾನ. ಜಾರೋದು ಚಾಕ್‌ನಿಂದಲೋ, ನನ್ನ ಹೊಡೆತವೇ ತಪ್ಪೋ, ಹೇಗೆ ಗೊತ್ತು ಮಾಡ್ಕೊಳ್ಳೋದು?

ಕ್ಯಾತಸಂದ್ರದಿಂದ:

ಪಟ್ಟೆ ಬಾಲ್ ಇದಕ್ಕೇ ಹೇಳಿ ಮಾಡಿಸಿದ ಹಾಗಿದೆ. 9ರಿಂದ 15ರವರೆಗಿನ ಯಾವುದಾದರೂ ಒಂದು ತಗೊಂಡು, ಚೆನ್ನಾಗಿ ಒರೆಸಿ, ಬಿಳಿ ಬಾಲ್ ಬದಲು ಅದನ್ನೇ ಇಡಿ. ಬಣ್ಣದ ಪಟ್ಟೆಯ ಅಂಚು ನಡುವಿಂದ ಹೆಚ್ಚುಕಡಿಮೆ ತ್ರಿಜ್ಯದ ಅರ್ಧಕ್ಕೇ ಬರುತ್ತೆ. ಅಂದರೆ ಮೊದಲು ಹೇಳಿದ 14 ಮಿ.ಮೀ. ಗೆರೆ ಬಾಲ್ ಮೇಲೇ ಬರೆದಿದೆ.

ಸ್ಕ್ರೂ ಪರೀಕ್ಷೆಗೆ ಪಟ್ಟೆ ಅಡ್ಡ ಮಲಗಿರಬೇಕು, ಸೈಡ್‌ಗೆ ನೆಟ್ಟಗೆ ನಿಂತಿರಬೇಕು. ಚಾಕ್ ಹಚ್ಚಿ ಹೊಡೆಯಿರಿ, ಬಾಲ್ ಎತ್ತಿ ಗುರುತು ನೋಡಿ. ಸರಿಯಾಗಿ ಹಿಡಿದಿದ್ದರೆ ಎರಡು ಮೂರು ಮಿ.ಮೀ. ಅಗಲದ ದುಂಡು ಚುಕ್ಕೆ. ಜಾರಿದ್ದರೆ ಉದ್ದಕ್ಕೆ ಎಳೆದ ಗೀರು, ಅದು ಎಲ್ಲಿಂದ ಶುರುವಾಗಿದೆ ನೋಡಿ. ಪಟ್ಟೆಯ ಅಂಚಲ್ಲೋ, ಆಚೆ ಬಿಳಿ ಭಾಗದಲ್ಲೋ ಶುರುವಾಗಿದ್ದರೆ ಹೊಡೆತ ತುಂಬ ಆಚೆ ಬಿದ್ದಿದೆ, ಚಾಕ್‌ದೇನೂ ತಪ್ಪಿಲ್ಲ. ಪಟ್ಟೆಯೊಳಗೇ ಶುರುವಾಗಿ ಜಾರಿದ್ದರೆ ಟಿಪ್ಪಿನದೋ ಚಾಕಿನದೋ ದೋಷ. ಪ್ರತಿ ಸಲ ಗುರುತು ಒರೆಸಿ ಹತ್ತು ಹೊಡೆತ ಹಾಕಿ, ಆಮೇಲೆ ಚಾಕ್ ಬದಲಿಸಿ ಇನ್ನು ಹತ್ತು. ಅಂಚಿಗೆ ಹೋಗಬೇಕು ಅನ್ನೋ ಹಟ ಬೇಡ. ಆಟದಲ್ಲಿ ನಡುವಿಂದ 10, 11 ಮಿ.ಮೀ. ಒಳಗೇ ಇದ್ದರೆ ಬೇಕಾದಷ್ಟು ಸ್ಕ್ರೂ ಬರುತ್ತೆ.

ತಿಪಟೂರಿನಿಂದ:

ಯಾರೂ ಹೇಳದ ಎರಡು ವಿಷಯ. ಒಂದು ಬೆವರು, ತೇವ. ಚಾಕ್ ತೇವ ಹೀರಿದರೆ ಮೇಲ್ಮೈ ಗಟ್ಟಿಯಾಗಿ ಗಾಜಿನ ಹಾಗೆ ಹೊಳೆಯುತ್ತೆ, ಆಗ ಟಿಪ್‌ಗೆ ಏನೂ ಹತ್ತಲ್ಲ. ಪ್ಯಾಂಟ್ ಜೇಬಲ್ಲಿಟ್ಟರೆ ಇದು ಬೇಗ ಆಗುತ್ತೆ, ಮಳೆಗಾಲದಲ್ಲಿ ಇನ್ನೂ ಬೇಗ. ಅದನ್ನ ಎಸೀಬೇಡಿ, ಉಪ್ಪುಕಾಗದದ ಮೇಲೆ ಒಂದೆರಡು ಸಲ ಉಜ್ಜಿ ಆ ಪದರ ತೆಗೆದರೆ ಒಳಗೆ ಒಳ್ಳೆ ಚಾಕ್ ಇರುತ್ತೆ. ಇಡೋಕೆ ಮುಚ್ಚಳದ ಸಣ್ಣ ಡಬ್ಬಿ, ಜೊತೆಗೆ ಹೊಸ ಚಪ್ಪಲಿ ಪೆಟ್ಟಿಗೇಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಒಂದು. ಕ್ಲಬ್ಬಿನ ಬಟ್ಟಲು ಚಾಕ್‌ಗಳನ್ನೂ ಹೀಗೇ ಮೇಲಿಂದ ಉಜ್ಜಿ ಸಮ ಮಾಡಿದರೆ ಮತ್ತೆ ಬಳಕೆಗೆ ಬರುತ್ತವೆ.

ಎರಡನೇದು ಪೌಡರ್. ಕ್ಯೂ ಸಲೀಸಾಗಿ ಜಾರಲಿ ಅಂತ ಕೈಗೆ ಹಾಕ್ಕೊಳ್ತಾರಲ್ಲ, ಅದೇ ಕೈಯಲ್ಲಿ ಟಿಪ್ ಮುಟ್ಟಿದರೆ, ಚಾಕ್ ಮೇಲೆ ಪೌಡರ್ ಉದುರಿದರೆ, ಚಾಕ್ ಮಾಡೋ ಕೆಲಸಕ್ಕೆ ಸರಿಯಾಗಿ ಉಲ್ಟಾ. ಪೌಡರ್ ಇರೋದೇ ಜಾರಿಸೋಕೆ. ಒಂದು ಕೈಗವಸು ಹಾಕ್ಕೊಂಡರೆ ಪೌಡರೇ ಬೇಡ, ಬಟ್ಟೆಗೂ ಕ್ಷೇಮ.

ಶಿರಾ ಗೇಟ್ ಕಡೆಯಿಂದ:

ಟೇಬಲ್ ನೋಡ್ಕೊಳ್ಳೋರ ಕಡೆಯಿಂದ ಒಂದು ವಿನಂತಿ. ಚಾಕ್ ಇಡುವಾಗ ಹಚ್ಚೋ ಮುಖ ಮೇಲೆ ಇರಲಿ. ಕವುಚಿಟ್ಟರೆ ಪುಡಿಯೆಲ್ಲ ಕುಷನ್ ಪಕ್ಕದ ಮರಕ್ಕೆ ಹತ್ತಿ, ಅಲ್ಲಿಂದ ತೋಳಿಗೆ, ಅಂಗಿಗೆ. ನಿಮ್ಮ ಪ್ಯಾಂಟ್ ನೀಲಿ ಆಗೋದು ಅರ್ಧ ಇದರಿಂದಲೇ. ಟೇಬಲ್ ಬಟ್ಟೆಯ ಮೇಲೆ ಕ್ಯೂ ಹಿಡಿದು ಚಾಕ್ ಹಚ್ಚಬೇಡಿ, ಟೇಬಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿದು ಹಚ್ಚಿ. ಬಾಯಲ್ಲಿ ಉಫ್ ಅಂತ ಊದೋದೂ ಬೇಡ. ಆ ಪುಡಿಯಲ್ಲಿ ಸಿಲಿಕಾ ಇದೆ, ಮೂಗಿಗೆ ಒಳ್ಳೇದಲ್ಲ, ಬಟ್ಟೆಯೊಳಗೆ ಕೂತರೆ ನೂಲನ್ನೂ ಬಾಲ್‌ಗಳ ಹೊಳಪನ್ನೂ ತಿನ್ನುತ್ತೆ.

ಬಾಲ್ ತೊಳೆಯೋಕೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನ ದ್ರವ ನಾಲ್ಕು ಹನಿ, ಮೆತ್ತನೆ ಬಟ್ಟೆ. ಪಾತ್ರೆ ತಿಕ್ಕೋ ಪುಡಿ ಹಾಕಿದರೆ ಗೀರು ಬೀಳುತ್ತೆ, ಗೀರು ಬಿದ್ದ ಬಾಲ್ ಇನ್ನೂ ಹೆಚ್ಚು ಚಾಕ್ ಹಿಡ್ಕೊಳ್ಳುತ್ತೆ. ತೊಳೆದ ಮೇಲೆ ಪೂರ್ತಿ ಒಣಗಿಸಿಯೇ ಟೇಬಲ್ ಮೇಲಿಡಿ.

ಕೇಳಿದವರು:

ಹಾಗಾದರೆ ಸದ್ಯಕ್ಕೆ ಮಾಸ್ಟರ್, ಉಪ್ಪುಕಾಗದ, ಪಟ್ಟೆ ಬಾಲ್ ಪರೀಕ್ಷೆ. ಕೊನೆಯದಾಗಿ, ಪಕ್ಕದಲ್ಲೇ ಸ್ನೂಕರ್ ಟೇಬಲ್ ಇದೆ, ಹಸಿರು ಬಟ್ಟೆ. ಅಲ್ಲಿ ಆಡುವಾಗಲೂ ಇದೇ ನೀಲಿ ಚಾಕ್ ನಡೆಯುತ್ತಾ?

ಶಿರಾ ಗೇಟ್ ಕಡೆಯಿಂದ:

ಹಿಡಿತಕ್ಕೆ ನಡೆಯುತ್ತೆ, ಬಟ್ಟೆಗೆ ಬೇಡ. ಹಸಿರು ಬಟ್ಟೆ ಮೇಲೆ ನೀಲಿ ಚುಕ್ಕೆ ಎದ್ದು ಕಾಣುತ್ತೆ, ಸ್ನೂಕರ್ ಬಟ್ಟೆಗೆ ನವಿರು ಇರೋದರಿಂದ ಪುಡಿ ಒಳಗೆ ಇಳಿದರೆ ಹೊರಗೆ ಬರಲ್ಲ. ಆ ಟೇಬಲ್‌ಗೆ ಹಸಿರು ಟ್ರಯಾಂಗಲ್ ಒಂದು ತುಂಡು ಬೇರೆ ಇಟ್ಕೊಳ್ಳಿ. ಆಟ ಮುಗಿದ ಮೇಲೆ ಬ್ರಷ್ ಹಾಕೋದಾದರೆ ಬಾಕ್ (ಆಟ ಶುರು ಮಾಡೋ ತುದಿ) ಕಡೆಯಿಂದ ಕಪ್ಪು ಬಾಲ್ ಇರೋ ಕಡೆಗೆ ಮಾತ್ರ, ಒಂದೇ ದಿಕ್ಕಿಗೆ.