ಎಪಿಕ್ಟೆಟಸ್ ನಮಗೆ ಕಚೇರಿಯಲ್ಲಿ ಬಾಯಿ ಮುಚ್ಚಿಕೊಂಡಿರಲು ಹೇಳುತ್ತಾನೆಯೇ?

ಪ್ರಶ್ನೆ:
ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಒಂಬತ್ತು ವರ್ಷಗಳಿಂದ ದುಡಿಯುತ್ತಿದ್ದೇನೆ. ಕಳೆದ ತಿಂಗಳ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ತೋರಿಸಿದ ರೇಟಿಂಗ್ ಐದಕ್ಕೆ ಮೂರು. ಆರು ತಿಂಗಳು ಹಗಲಿರುಳೆನ್ನದೆ ನಾನು ಮಾಡಿದ ಕೆಲಸ ಅದೇ ಪರದೆಯ ಮೇಲೆ ಸಹೋದ್ಯೋಗಿಯೊಬ್ಬರ ಹೆಸರಿನಲ್ಲಿತ್ತು. ಅಂದಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಗೆಳೆಯರೊಬ್ಬರು ಪ್ರಾಚೀನ ಗ್ರೀಕ್ ತತ್ವಜ್ಞಾನಿ ಎಪಿಕ್ಟೆಟಸ್‌ನ ಕೈಪಿಡಿಯನ್ನು ಓದಲು ಕೊಟ್ಟರು. ನಮ್ಮ ಅಭಿಪ್ರಾಯ, ಬಯಕೆ, ತಿರಸ್ಕಾರಗಳು ನಮ್ಮ ಕೈಯಲ್ಲಿವೆ, ದೇಹ, ಆಸ್ತಿ, ಹೆಸರು, ಹುದ್ದೆಗಳು ನಮ್ಮ ಕೈಯಲ್ಲಿಲ್ಲ ಎಂದು ಅದರ ಆರಂಭದಲ್ಲಿಯೇ ಇದೆ. ಓದಿದಾಗ ಮನಸ್ಸು ಹಗುರಾದದ್ದು ನಿಜ. ಆದರೆ ಅನ್ಯಾಯವನ್ನು ನುಂಗಿಕೊಂಡು ಸುಮ್ಮನಿರುವುದಕ್ಕೆ ಇದೊಂದು ಗೌರವದ ಹೆಸರಷ್ಟೇ ಆಗುವುದಿಲ್ಲವೇ?

ಉತ್ತರ 1:
ಕೈಪಿಡಿಯೊಂದನ್ನೇ ಓದಿದರೆ ಹಾಗೆ ಅನ್ನಿಸುವುದು ಸಹಜ. ಎಪಿಕ್ಟೆಟಸ್ ತಾನಾಗಿ ಏನನ್ನೂ ಬರೆದಿಡಲಿಲ್ಲ. ಗ್ರೀಸಿನ ನಿಕೊಪೊಲಿಸ್‌ನಲ್ಲಿ ಆತ ಮಾಡಿದ ಪಾಠಗಳನ್ನು ಶಿಷ್ಯ ಆರಿಯನ್ ಬರೆದುಕೊಂಡ, ಕೈಪಿಡಿ ಅದರ ಸಾರಸಂಗ್ರಹ. ಪೂರ್ಣ ಪ್ರವಚನಗಳ ಮೊದಲ ಭಾಗದ ಎರಡನೆಯ ಅಧ್ಯಾಯವನ್ನು ದಯವಿಟ್ಟು ಓದಿ. ಅಲ್ಲಿ ರೋಮನ್ ಚಕ್ರವರ್ತಿ ವೆಸ್ಪಾಸಿಯನ್, ಸೆನೆಟ್ ಸಭೆಗೆ ಬರಬೇಡವೆಂದು ಅದರ ಸದಸ್ಯ ಹೆಲ್ವಿಡಿಯಸ್ ಪ್ರಿಸ್ಕಸ್‌ಗೆ ಹೇಳಿಕಳುಹಿಸುತ್ತಾನೆ. ನನ್ನನ್ನು ಸದಸ್ಯತ್ವದಿಂದ ತೆಗೆಯುವುದು ನಿನ್ನ ಕೈಯಲ್ಲಿದೆ, ಆದರೆ ಸದಸ್ಯನಾಗಿರುವವರೆಗೆ ನಾನು ಬರಲೇಬೇಕು ಎಂಬುದು ಅವನ ಉತ್ತರ. ಬಂದರೂ ಮಾತನಾಡಬೇಡ ಎಂದರೆ, ನನ್ನ ಅಭಿಪ್ರಾಯ ಕೇಳಬೇಡ, ಸುಮ್ಮನಿರುತ್ತೇನೆ, ಕೇಳಿದರೆ ಸರಿಯೆನಿಸಿದ್ದನ್ನು ಹೇಳಲೇಬೇಕಾಗುತ್ತದೆ ಎನ್ನುತ್ತಾನೆ. ಕೊಲ್ಲಿಸುತ್ತೇನೆ ಎಂಬ ಬೆದರಿಕೆಗೂ ಅವನು ಜಗ್ಗುವುದಿಲ್ಲ. ಹುದ್ದೆ ಅವನ ಕೈಯಲ್ಲಿರಲಿಲ್ಲ, ಹುದ್ದೆಯಲ್ಲಿದ್ದಾಗ ಆಡಬೇಕಾದ ಮಾತು ಮಾತ್ರ ಅವನದೇ ಆಗಿತ್ತು. ಇದನ್ನು ಶಿಷ್ಯರಿಗೆ ಮಾದರಿಯೆಂದು ತೋರಿಸಿದ ಎಪಿಕ್ಟೆಟಸ್ ಗುಲಾಮನಾಗಿ ಬದುಕಿದ್ದವನು. ಅಧಿಕಾರದ ಎದುರು ನಿಲ್ಲುವುದೆಂದರೆ ಏನೆಂಬುದು ಅವನಿಗೆ ಪುಸ್ತಕದಿಂದ ತಿಳಿದದ್ದಲ್ಲ. ನಿಮ್ಮ ರೇಟಿಂಗ್ ಬದಲಾಗುವುದು ನಿಮ್ಮ ಕೈಯಲ್ಲಿಲ್ಲ. ನಡೆದದ್ದನ್ನು ಸ್ಪಷ್ಟವಾಗಿ ಬರೆದು ಮುಂದಿಡುವುದು ನಿಮ್ಮ ಕೈಯಲ್ಲಿದೆ.

ಉತ್ತರ 2:
ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಕೋಪದ ವಿಷಯದಲ್ಲಿ ನಾನು ಅರಿಸ್ಟಾಟಲ್‌ನ ಪಕ್ಷ. ಎಪಿಕ್ಟೆಟಸ್ ಸೇರಿದ ಪಂಥದವರಾದ ಸ್ಟೋಯಿಕರು ಕೋಪವನ್ನು ಬೇರುಸಹಿತ ಕೀಳಬೇಕೆಂದವರು. ಅರಿಸ್ಟಾಟಲ್ ನಿಕೊಮಾಕಿಯನ್ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ, ತಕ್ಕ ಕಾರಣಕ್ಕೆ, ತಕ್ಕವರ ಮೇಲೆ, ತಕ್ಕ ರೀತಿಯಲ್ಲಿ, ತಕ್ಕ ಸಮಯದಲ್ಲಿ, ತಕ್ಕಷ್ಟು ಹೊತ್ತು ಸಿಟ್ಟಾಗುವವನನ್ನು ಮೆಚ್ಚುತ್ತಾನೆ. ಅವಮಾನವನ್ನು ಸುಮ್ಮನೆ ಸಹಿಸುವುದು ಗುಲಾಮನ ಲಕ್ಷಣ ಎಂದೂ ಹೇಳುತ್ತಾನೆ (ಗುಲಾಮರ ಬಗ್ಗೆ ಅವನಿಗಿದ್ದ ತಾತ್ಸಾರವನ್ನು ನಾನು ಖಂಡಿತ ಒಪ್ಪುವುದಿಲ್ಲ). ನಿಮ್ಮ ಸಿಟ್ಟಿಗೆ ಕಾರಣವಿದೆ. ಅದು ಯಾರ ಮೇಲೆ ಎಂಬುದನ್ನು ಮಾತ್ರ ಮೊದಲು ನಿಶ್ಚಯಿಸಿಕೊಳ್ಳಿ. ತಂಡದಲ್ಲಿ ಇಂತಿಷ್ಟೇ ಜನರಿಗೆ ನಾಲ್ಕು, ಐದು ಕೊಡಬಹುದೆಂಬ ಮಿತಿ ಇದ್ದರೆ ಮೂರು ಕೊಟ್ಟದ್ದು ಮ್ಯಾನೇಜರ್ ಒಬ್ಬರ ನಿರ್ಧಾರ ಆಗಿರಲಿಕ್ಕಿಲ್ಲ. ಕೆಲಸ ಬೇರೆಯವರ ಹೆಸರಿಗೆ ಹೋದದ್ದು ಬೇರೆಯೇ ವಿಷಯ. ಅದನ್ನು ಯಾರೋ ಒಬ್ಬರು ಕೈಯಾರೆ ಬರೆದಿದ್ದಾರೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ರೇಟಿಂಗ್ ವಿಷಯವನ್ನು ಬದಿಗಿಟ್ಟು, ಆ ಕೆಲಸದ ಯಾವ ಭಾಗವನ್ನು ಯಾವ ದಿನ ಮುಗಿಸಿದೆ ಎಂಬ ವಿವರಗಳನ್ನಷ್ಟೇ ಬರೆದು ನಿನ್ನೆ ಮ್ಯಾನೇಜರ್‌ಗೆ ಮೇಲ್ ಕಳುಹಿಸಿದೆ. ಮೊದಲ ಕರಡಿನಲ್ಲಿ ಆ ಸಹೋದ್ಯೋಗಿಯ ಬಗ್ಗೆ ಎರಡು ಸಾಲುಗಳಿದ್ದವು; ಓದಿ ನೋಡಿ ಅಳಿಸಿದೆ. ಮಂಗಳವಾರ ಮಾತನಾಡೋಣ ಎಂದಿದ್ದಾರೆ.