ಐಇಎಲ್‌ಟಿಎಸ್ ಸ್ಪೀಕಿಂಗ್: ಇಷ್ಟದ ಊಟ ಅಂದರೆ ಮುದ್ದೆ–ಬಸ್ಸಾರು ಹೇಳಬಹುದಾ, ಪಿಜ್ಜಾ ಹೇಳಬೇಕಾ?

ಕೆರೆದಂಡೆ (ಪ್ರಶ್ನೆ):
ಟೆಸ್ಟ್‌ಗೆ (ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ) ಮೂರು ವಾರ ಇದೆ. ಕಾರ್ಡಿನಲ್ಲಿ ಕೊಟ್ಟ ವಿಷಯದ ಮೇಲೆ ಎರಡು ನಿಮಿಷದವರೆಗೆ ಮಾತಾಡುವ ಪಾರ್ಟ್ 2ರಲ್ಲಿ ಇಷ್ಟದ ಊಟದ ಬಗ್ಗೆ ಕಾರ್ಡ್ ಬಂದರೆ ಮುದ್ದೆ–ಬಸ್ಸಾರು ಹೇಳೋಣ ಅಂತಿದ್ದೇನೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ 45 ಸೆಕೆಂಡಿಗೇ ಮಾತು ಮುಗಿದಿದೆ. ಅದರಲ್ಲಿ ‘ಟೇಸ್ಟಿ’ ಐದು ಸಲ, ‘ಹೆಲ್ದಿ’ ಮೂರು ಸಲ. ಮುದ್ದೆಗೆ, ಬಸ್ಸಾರಿಗೆ ಇಂಗ್ಲಿಷ್ ಹೆಸರೇ ಇಲ್ಲವಲ್ಲ, ಎಕ್ಸಾಮಿನರ್‌ಗೆ ಅರ್ಥ ಆಗದಿದ್ದರೆ ಬ್ಯಾಂಡ್ (ಅಂಕದ ಮಟ್ಟ) ಇಳಿಯುತ್ತಾ? ಪಿಜ್ಜಾ ಸೇಫಾ?

ರಾಗಿಕಣಜ:
ಮುದ್ದೆಯನ್ನೇ ಹೇಳಿ. ಅಂಕ ಬೀಳೋದು ನಾಲ್ಕು ವಿಷಯಕ್ಕೆ: ಮಾತಿನ ಓಟ ಮತ್ತು ಜೋಡಣೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮ ತೂಕ. ಯಾವ ಊಟ ಅನ್ನೋದಕ್ಕೆ ಅಂಕವೇ ಇಲ್ಲ. ಇನ್ನೊಂದು ಮುಖ್ಯ ಸಂಗತಿ: ಹೆಸರಿಲ್ಲದ ವಸ್ತುವನ್ನು ಬೇರೆ ಮಾತುಗಳಲ್ಲಿ ಬಿಡಿಸಿ ಹೇಳುವ ಶಕ್ತಿಯನ್ನು ಪದಸಂಪತ್ತಿನ ಲೆಕ್ಕದಲ್ಲಿ ನೋಡುತ್ತಾರೆ. ಪಿಜ್ಜಾ ಹೇಳಿದರೆ ಬಿಡಿಸಿ ಹೇಳೋಕೆ ಏನೂ ಉಳಿಯೋದಿಲ್ಲ. ಮುದ್ದೆಯಲ್ಲಿ ಅದಕ್ಕೆ ಬೇಕಾದಷ್ಟು ಜಾಗ ಇದೆ.

ಹೆಸರನ್ನು ಕನ್ನಡದಲ್ಲೇ ಒಂದು ಸಲ ಸ್ಪಷ್ಟವಾಗಿ ಹೇಳಿ, ಉಸಿರು ಬಿಡದೆ ವಿವರಣೆ ಸೇರಿಸಿ: ‘ಮುದ್ದೆ, ವಿಚ್ ಈಸ್ ಎ ಸಾಫ್ಟ್, ಸ್ಟೀಮಿಂಗ್ ಬಾಲ್ ಮೇಡ್ ಫ್ರಮ್ ಫಿಂಗರ್ ಮಿಲೆಟ್, ಅಬೌಟ್ ದ ಸೈಜ್ ಆಫ್ ಆ್ಯನ್ ಆರೆಂಜ್’. ಗಾತ್ರ ಹೇಳಿದ ಕೂಡಲೇ ಕೇಳುವವರ ಕಣ್ಣಿಗೆ ಚಿತ್ರ ಬರುತ್ತದೆ.

45 ಸೆಕೆಂಡಿಗೆ ಮಾತು ಮುಗಿಯೋದು ಗುಣಗಳನ್ನು ಮಾತ್ರ ಹೇಳೋದರಿಂದ. ಮಾಡುವ ಕ್ರಮಕ್ಕೆ ಇಳಿಯಿರಿ. ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು, ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯೋದು, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಮುಟ್ಟದೆ ಬೇಯಲು ಬಿಡೋದು, ಆಮೇಲೆ ಕೋಲಿನಲ್ಲಿ ತಿರುವಿ, ಕೈ ಒದ್ದೆ ಮಾಡಿಕೊಂಡು ಕಟ್ಟೋದು. ಅವಸರಪಟ್ಟು ತಿರುವಿದರೆ ಗಂಟು: ‘ಇಫ್ ಯು ಸ್ಟರ್ ಇಟ್ ಟೂ ಸೂನ್, ಇಟ್ ಟರ್ನ್ಸ್ ಲಂಪಿ’. ನೋಡಿ, ‘ಇಫ್’ ವಾಕ್ಯ ತಾನಾಗೇ ಬಂತು.

ಬಸ್ಸಾರು ಇನ್ನೂ ಒಳ್ಳೆಯ ಸರಕು. ಸೊಪ್ಪು, ಬೇಳೆ ಬೇಯಿಸಿ ನೀರು ಬಸಿದು, ಆ ನೀರಿನಲ್ಲೇ ಸಾರು, ಉಳಿದದ್ದರಲ್ಲಿ ಪಲ್ಯ. ಹೆಸರು ಬಂದದ್ದೇ ಬಸಿಯೋದರಿಂದ. ಒಂದೇ ಪಾತ್ರೆ, ಎರಡು ಅಡುಗೆ: ಇಷ್ಟು ಹೇಳಲು ಅರ್ಧ ನಿಮಿಷ ಬೇಕು. ‘ದ ವಾಟರ್ ಈಸ್ ಡ್ರೇನ್ಡ್’, ‘ದ ಗ್ರೀನ್ಸ್ ಆರ್ ಸೀಸನ್ಡ್’ ಅಂದರೆ ಕರ್ಮಣಿ ಪ್ರಯೋಗವೂ ಬಂದಂತೆ. ಮುದ್ದೆಯನ್ನು ಅಗಿಯದೆ ನುಂಗುತ್ತೇವೆ ಅನ್ನೋದನ್ನು ಹೇಳಲು ಮರೆಯಬೇಡಿ.

ತಯಾರಿಗೆ ಕೊಡುವ ಒಂದು ನಿಮಿಷದಲ್ಲಿ ವಾಕ್ಯ ಬರೆಯಬೇಡಿ, ಮೂರನೇ ವಾಕ್ಯಕ್ಕೇ ಹೊತ್ತು ಮುಗಿಯುತ್ತದೆ. ಎಂಟು ಪದ ಸಾಕು: ಮಿಲೆಟ್, ಆರೆಂಜ್, ಲಂಪಿ, ಡ್ರೇನ್, ಸ್ವಾಲೋ, ಹೀಗೆ. ಕಾರ್ಡಿನ ಕೊನೆಯ ಸಾಲು ಸಾಮಾನ್ಯವಾಗಿ ‘ಯಾಕೆ ಇಷ್ಟ’ ಅಂತ ಇರುತ್ತದೆ. ಹೆಚ್ಚಿನವರು ಅದಕ್ಕೆ ಹತ್ತು ಸೆಕೆಂಡ್ ಉಳಿಸಿಕೊಳ್ಳುತ್ತಾರೆ, ನೀವು 30 ಇಡಿ. ಎರಡು ನಿಮಿಷಕ್ಕೆ ಅವರೇ ನಿಲ್ಲಿಸುತ್ತಾರೆ, ಅದರಿಂದ ಅಂಕ ಹೋಗೋದಿಲ್ಲ.

ಒತ್ತಕ್ಷರ:
ಮೇಲಿನದ್ದೆಲ್ಲ ಸರಿ. ಆದರೆ ಇದೇ ವಿಷಯದಲ್ಲಿ ಕನ್ನಡಿಗರ ಬಾಯಿ ಎಡವುವ ಪದಗಳು ಬಹಳ. ಹಿಟ್ಟು ಅಂದರೆ ‘ಫ್ಲವರ್’, ಹೂವಿನ ಪದದ ಉಚ್ಚಾರಣೆಯೇ. ‘ಫ್ಲೋರ್’ ಅಂದರೆ ನೆಲ, ಅಲ್ಲಿಗೆ ಮುದ್ದೆ ಮಾಡಿದ್ದು ನೆಲದಿಂದ ಅಂದಂತಾಗುತ್ತದೆ! ದೋಸೆ ಆರಿಸಿಕೊಂಡರೆ ಬ್ಯಾಟರ್, ಬಟರ್, ಬೆಟರ್ ಮೂರೂ ಬೇರೆಬೇರೆ ಕೇಳಿಸಬೇಕು. ತರಕಾರಿ ‘ವೆಜ್‌ಟಬಲ್’, ‘ವೆಜಿಟೇಬಲ್’ ಅಲ್ಲ. ‘ಯೆಗ್’ ಬೇಡ, ‘ಎಗ್’. ಪದದ ಕೊನೆಗೆ ಉಕಾರ ಅಂಟಿಸಿ ರೈಸು, ಸಾಲ್ಟು ಅನ್ನೋ ಅಭ್ಯಾಸವನ್ನು ಈಗಲೇ ಬಿಡಿ. ನಮ್ಮ ಧಾಟಿ ಇದ್ದರೆ ಅಂಕ ಕಡಿಮೆಯಾಗೋದಿಲ್ಲ. ಪದ ಗುರುತೇ ಸಿಗದಿದ್ದರೆ, ಕೇಳುವವರಿಗೆ ಶ್ರಮವಾದರೆ ಆಗುತ್ತದೆ.

ಕಾಲದ ತಪ್ಪೂ ನಮ್ಮ ಭಾಷೆಯಿಂದಲೇ ಬರುತ್ತದೆ. ‘ಅಮ್ಮ ಮಾಡುತ್ತಾರೆ’ ಅನ್ನೋದು ನಮಗೆ ದಿನದ ರೂಢಿಯೂ ಹೌದು, ನಾಳೆಯ ಮಾತೂ ಹೌದು. ಅದಕ್ಕೇ ‘ಮೈ ಮದರ್ ವಿಲ್ ಮೇಕ್ ಇಟ್ ಡೈಲಿ’ ಬಂದುಬಿಡುತ್ತದೆ. ರೂಢಿಗೆ ‘ಮೇಕ್ಸ್’. ‘ಐ ಆ್ಯಮ್ ಲೈಕಿಂಗ್’ ಅಲ್ಲ, ‘ಐ ಲೈಕ್’.

ಊಟ ಮಾಡುವ ಹೋಟೆಲನ್ನು ‘ರೆಸ್ಟೋರೆಂಟ್’ ಅನ್ನಿ. ಬರೀ ಹೋಟೆಲ್ ಅಂದರೆ ಹೊರಗಿನವರಿಗೆ ಉಳಿದುಕೊಳ್ಳುವ ಜಾಗ. ಎಕ್ಸಾಮಿನರ್ ವಿಡಿಯೋ ಕಾಲ್‌ನಲ್ಲಿ ಬೇರೆ ದೇಶದಿಂದಲೂ ಮಾತಾಡಬಹುದು, ಆದ್ದರಿಂದ ಬದನೆಗೆ ‘ಬ್ರಿಂಜಾಲ್’ ಬದಲು ‘ಎಗ್‌ಪ್ಲಾಂಟ್’, ಬೆಂಡೆಗೆ ‘ಓಕ್ರಾ’ ಇಟ್ಟುಕೊಳ್ಳಿ. ‘ಟೇಸ್ಟಿ’ ಬದಲು ರುಚಿಯ ಬಗೆ ಹೇಳಿ: ಟ್ಯಾಂಗಿ (ಹುಳಿಹುಳಿ), ಅರ್ದಿ (ಮಣ್ಣಿನ ಸೊಗಡು), ಪೆಪರಿ (ಮೆಣಸಿನ ಖಾರ), ಮೈಲ್ಡ್ (ಹದವಾದ ರುಚಿ). ರಾಗಿಗೆ ‘ಅರ್ದಿ’ ಚೆನ್ನಾಗಿ ಒಪ್ಪುತ್ತದೆ.

ಕೆರೆದಂಡೆ:
ಹಾಗಾದರೆ ಎರಡು ನಿಮಿಷದ್ದನ್ನು ಪೂರ್ತಿ ಬರೆದು ಬಾಯಿಪಾಠ ಮಾಡಿಬಿಡಲಾ?

ರಾಗಿಕಣಜ:
ಖಂಡಿತ ಬೇಡ. ಬಾಯಿಪಾಠದಲ್ಲಿ ದನಿಯ ಏರಿಳಿತ ಸತ್ತುಹೋಗುತ್ತದೆ, ಎಕ್ಸಾಮಿನರ್‌ಗೆ ಬೇಗ ಗೊತ್ತಾಗುತ್ತದೆ. ಕಾರ್ಡ್ ಸ್ವಲ್ಪ ಬದಲಾದರೂ ಕಂಬಿ ತಪ್ಪುತ್ತೀರಿ. ‘ಇಷ್ಟದ ಊಟ’ ಬದಲು ‘ನಿಮಗೆ ಖುಷಿ ಕೊಟ್ಟ ಒಂದು ಊಟ’ ಬಂದರೆ ಎಲ್ಲವೂ ಭೂತಕಾಲಕ್ಕೆ ಹೋಗಬೇಕು. ‘ಅತಿಥಿಗೆ ಮಾಡಿ ಬಡಿಸುವ ಅಡುಗೆ’ ಬಂದರೆ ‘ಐ ವುಡ್ ಮೇಕ್’ ಥರದ ವಾಕ್ಯ ಬೇಕು. ಅದೇ ಎಂಟು ಪದ ಮುಂದಿಟ್ಟುಕೊಂಡು ಈ ಮೂರೂ ಕಾರ್ಡಿಗೆ ದಿನಕ್ಕೊಂದು ಸಲ ಮಾತಾಡಿ, ಟೈಮರ್ ಇಡಿ, ಕೇಳಿಸಿಕೊಂಡು ‘ಟೇಸ್ಟಿ’ ಎಣಿಸಿ. ಮೂರು ವಾರ ಧಾರಾಳ ಸಾಕು.

ಹೊಲದಬದು:
ಪಾರ್ಟ್ 3 ಬಗ್ಗೆ ಯಾರೂ ಹೇಳಲಿಲ್ಲ. ನಾಲ್ಕೈದು ನಿಮಿಷದ ಚರ್ಚೆ ಅದು, ನಿಮ್ಮ ಮನೆಯ ಅಡುಗೆ ಬಿಟ್ಟು ಸಮಾಜದ ಊಟಕ್ಕೆ ಬರುತ್ತದೆ: ಜನರ ಊಟ ಹೇಗೆ ಬದಲಾಗಿದೆ, ಯುವಜನ ಯಾಕೆ ಅಡುಗೆ ಕಲಿಯುತ್ತಿಲ್ಲ, ಹಳೆಯ ಅಡುಗೆ ಉಳಿಸಬೇಕಾ. ಇಲ್ಲಿ ಮತ್ತೆ ‘ಐ ಲೈಕ್ ಮುದ್ದೆ’ ಅಂದರೆ ಉತ್ತರ ಅಲ್ಲಿಗೇ ನಿಂತುಬಿಡುತ್ತದೆ. ‘ಪೀಪಲ್ ಟೆಂಡ್ ಟು’, ‘ಇನ್ ಮೈ ರೀಜನ್’ ಅಂತ ಶುರು ಮಾಡಿ. ಅಭಿಪ್ರಾಯ, ಕಾರಣ, ಒಂದು ಉದಾಹರಣೆ ಇರಲಿ. ಆಮೇಲೆ ಎದುರು ಮಾತಿಗೂ ಒಂದು ವಾಕ್ಯ ಕೊಡಿ.

ಉದಾಹರಣೆಗೆ ನಿಮ್ಮ ಕೈಲೇ ರಾಗಿ ಇದೆ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕ. ಹಳೇ ಮೈಸೂರು ಸೀಮೆಯಲ್ಲಿ ಅದು ‘ಸ್ಟೇಪಲ್ ಫುಡ್’. ಅಕ್ಕಿ ಸುಲಭವಾಗಿ ಸಿಗುವಂತಾದ ಮೇಲೆ ಎಷ್ಟೋ ಮನೆಗಳಲ್ಲಿ ಹಿಂದೆ ಸರಿಯಿತು, ಈಗ ಪಟ್ಟಣದ ಅಂಗಡಿಗಳಲ್ಲಿ ಮತ್ತೆ ಕಾಣುತ್ತಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿತ್ತು. ಬರೀ ‘ಹೆಲ್ದಿ’ ಅನ್ನುವ ಬದಲು ‘ರಿಚ್ ಇನ್ ಕ್ಯಾಲ್ಸಿಯಂ’ ಅನ್ನಿ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಇದೆ. ಅಂಕಿಯನ್ನು ಟೆಸ್ಟ್‌ನಲ್ಲಿ ಒಪ್ಪಿಸಬೇಕಿಲ್ಲ, ಗೊತ್ತಿದ್ದರೆ ಮಾತು ಗಟ್ಟಿಯಾಗಿ ಬರುತ್ತದೆ.

ಪ್ರಶ್ನೆ ಅರ್ಥವಾಗದಿದ್ದರೆ ‘ಕುಡ್ ಯು ರೀಫ್ರೇಜ್ ದಟ್, ಪ್ಲೀಸ್’ ಅಂತ ಕೇಳಿ. ಪಾರ್ಟ್ 3ರಲ್ಲಿ ಅವರು ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಬಹುದು. ನಿಮ್ಮ ಬಗ್ಗೆ ಸಣ್ಣ ಪ್ರಶ್ನೆ ಕೇಳುವ ಪಾರ್ಟ್ 1ರಲ್ಲಿ ಹೆಚ್ಚಾಗಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಓದುತ್ತಾರೆ ಅಷ್ಟೆ. ಅಲ್ಲಿ ಎರಡು ಮೂರು ವಾಕ್ಯದ ಉತ್ತರ ಸಾಕು, ಬಸ್ಸಾರಿನ ಕಥೆಯನ್ನೆಲ್ಲ ಪಾರ್ಟ್ 2ಕ್ಕೆ ಉಳಿಸಿಕೊಳ್ಳಿ.